ಶೆಟ್ಟರ ಅಕ್ಷರವಿದ್ದ ಬದಿ

ಸಾಲಿಗ್ರಾಮದಲ್ಲಿ ಹೆದ್ದಾರಿಯ ಪಕ್ಕಕ್ಕೆ ಒಂದು ಉದ್ದನೆಯ ಹಂಚಿನ ಕಟ್ಟಡವಿದೆ. ಅದರಲ್ಲಿ ಒಂದು ಬಾಗಿಲು ನನ್ನ ಟೈಲರ್ ಅಂಗಡಿ, ಅದಕ್ಕೆ ತಾಗಿದ್ದು ರತ್ನಳ ಡಿಟಿಪಿ ಅಂಗಡಿ. ನಡುವೆ ಇರುವುದು ಒಂದೇ ಗೋಡೆ, ಅದೂ ಹಂಚಿನ ಮಾಡಿನವರೆಗೆ ಹೋಗಿಲ್ಲ. ಹಾಗಾಗಿ ಅಲ್ಲಿಯ ಮಾತು ಇಲ್ಲಿಗೆ, ಇಲ್ಲಿಯ ಮೆಷಿನ್ನಿನ ಸದ್ದು ಅಲ್ಲಿಗೆ. ಕದ್ದು ಕೇಳುವ ಚಾಳಿ ನನಗಿಲ್ಲ, ಆದರೆ ಕೇಳದೆ ಇರುವ ಉಪಾಯವೂ ಇಲ್ಲ. ರತ್ನಳ ಬಗ್ಗೆ ನನಗೆ ಗೊತ್ತಿರುವುದರಲ್ಲಿ ಅರ್ಧ ಆ ಗೋಡೆ ದಾಟಿ ಬಂದದ್ದು. ಉಳಿದರ್ಧ ನಾಲ್ಕು ಗಂಟೆಯ ಚಾ ಕುಡಿಯುವಾಗ ಅವಳೇ ಹೇಳಿದ್ದು.

ಅವಳ ಮನೆ ಪಡುಕರೆಯಲ್ಲಿ, ಕಡಲಿಗೆ ಹತ್ತಿರ. ತಾಯಿ ವನಜಕ್ಕ ಮೀನಿನ ಬುಟ್ಟಿ ಹೊತ್ತು ಬಸ್ಸು ಹತ್ತಿ ಬ್ರಹ್ಮಾವರಕ್ಕೆ ಹೋಗುತ್ತಿದ್ದರು. ಅಲ್ಲಿ ಪೇಟೆಯ ಹಿಂದಿನ ಓಣಿಯಲ್ಲಿ ಮಂಜಯ್ಯ ಶೆಟ್ಟರ ಮುದ್ರಣಾಲಯ, ಅದರ ಹಿಂದೆಯೇ ಮನೆ. ಶೆಟ್ಟರ ಮನೆಗೆ ದಿನವೂ ವನಜಕ್ಕನದೇ ಮೀನು. ಹತ್ತನೆಯ ಕ್ಲಾಸು ಮುಗಿಸಿದ ರತ್ನ ರಜೆಯಲ್ಲಿ ಒಂದು ದಿನ ತಾಯಿಯ ಜೊತೆ ಹೋದವಳು, ತಾಯಿ ಹಿಂಬಾಗಿಲಲ್ಲಿ ಬಂಗುಡೆ ಎಣಿಸುತ್ತಿರುವಾಗ ಪ್ರೆಸ್ಸಿನೊಳಗೆ ಇಣುಕಿದಳು. ಕಲ್ಲಿನ ಮೇಲೆ ಒಂದು ಕರಪತ್ರದ ಅಚ್ಚುಮೊಳೆಗಳನ್ನು ಜೋಡಿಸಿ ಇಟ್ಟಿದ್ದರು. ಅವಳು ಬಗ್ಗಿ ನೋಡುತ್ತ ನಿಂತದ್ದನ್ನು ಕಂಡು ಶೆಟ್ಟರು, ಓದಲಿಕ್ಕೆ ಬರುತ್ತದಾ ಎಂದು ಕೇಳಿದರಂತೆ. ಬರುತ್ತದೆ, ಆದರೆ ಇದೆಲ್ಲ ಉಲ್ಟಾ ಇದೆಯಲ್ಲ ಎಂದು ಇವಳು ಹೇಳಿದಳಂತೆ. ಉಲ್ಟಾ ಇದೆ ಎಂದು ಗೊತ್ತಾಗುವವರೆಗೆ ಓದಿದ್ದಾಳಲ್ಲ, ಅಷ್ಟು ಸಾಕು ಎಂದು ಶೆಟ್ಟರು ಮರುದಿನದಿಂದಲೇ ಬರಲು ಹೇಳಿದರು. ವನಜಕ್ಕನಿಗೆ ಮಗಳ ತಲೆಯ ಮೇಲೆ ಬುಟ್ಟಿ ಬರುವುದು ತಪ್ಪಿತಲ್ಲ ಎಂಬ ಸಮಾಧಾನ.

ಆ ಪ್ರೆಸ್ಸಿನ ಕಥೆ ಹೇಳಲು ಕೂತರೆ ರತ್ನಳ ಚಾ ಆರಿಹೋಗುತ್ತದೆ. ಸೀಸದ ಮೊಳೆಗಳ ವಾಸನೆ, ಸೀಮೆಎಣ್ಣೆಯ ವಾಸನೆ, ಕಾಲಿನಲ್ಲಿ ತುಳಿಯುವ ಟ್ರೆಡಲ್ ಮೆಷಿನ್ನಿನ ತಾಳ. ಮಳೆಗಾಲದಲ್ಲಿ ಅಚ್ಚಾದ ಕಾಗದ ಒಣಗದೆ ಶೆಟ್ಟರ ಹೆಂಡತಿ ಒಲೆಯ ಮೇಲೆ ಕಟ್ಟಿದ ದಾರಕ್ಕೆ ಮದುವೆ ಕಾಗದಗಳನ್ನು ನೇತು ಹಾಕುತ್ತಿದ್ದರಂತೆ. ಒಮ್ಮೆ ಒಂದು ಮದುವೆಯ ಕಾಗದಗಳೆಲ್ಲ ಒಣಮೀನು ಹುರಿದ ವಾಸನೆ ಹಿಡಿದುಕೊಂಡೇ ಊರೂರಿಗೆ ಹೋದವು. ಆ ಮದುವೆಗೆ ಜನ ಕಡಿಮೆಯೇನೂ ಆಗಲಿಲ್ಲ ಎಂದು ನಗುತ್ತಾಳೆ.

ಶೆಟ್ಟರಿಗೆ ಒಂದು ಕಟ್ಟುನಿಟ್ಟು ಇತ್ತು. ಬೊಜ್ಜದ ಕಾಗದ, ಅಂದರೆ ಸತ್ತವರ ಉತ್ತರಕ್ರಿಯೆಯ ಪತ್ರ ಅಚ್ಚಾದ ಮೇಲೆ ಆ ಮೊಳೆಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಒಂದು ರಾತ್ರಿ ಬೇರೆಯೇ ಇಟ್ಟು ಆಮೇಲೆ ಪೆಟ್ಟಿಗೆಗೆ ಸೇರಿಸಬೇಕು. ತೊಳೆಯದ ಮೊಳೆಯಿಂದ ಮದುವೆ ಕಾಗದ ಜೋಡಿಸುವ ಹಾಗಿಲ್ಲ. ಮದುವೆ ಕಾಗದದ ನಾಲ್ಕು ಮೂಲೆಗೆ ಅರಶಿನ ಹಚ್ಚಿ ದೇವರ ಮುಂದೆ ಇಡುತ್ತಾರೆ, ಅದಕ್ಕೆ ಸೂತಕ ತಾಗಬಾರದು ಎಂಬುದು ಅವರ ವಾದ. ಇನ್ನೂ ಒಂದು ಇತ್ತು. ಮದುವೆ, ಗೃಹಪ್ರವೇಶ, ಬಯಲಾಟ ಇವುಗಳ ದೊಡ್ಡ ಅಕ್ಷರಗಳಿಗಾಗಿ ಶೆಟ್ಟರು ಹಲಸಿನ ಮರದಲ್ಲಿ ತಾವೇ ಕೆತ್ತಿದ ಒಂದು ಸೆಟ್ಟು ಅಕ್ಷರಗಳಿದ್ದವು. ಹೊಟ್ಟೆ ತುಂಬಿಕೊಂಡ, ಸೊಂಟ ಬಳುಕಿಸಿದ ಅಕ್ಷರಗಳು. ಕುಂದಾಪುರದಿಂದ ಬ್ರಹ್ಮಾವರದವರೆಗೆ ಮರಕ್ಕೆ ಮೊಳೆ ಹೊಡೆದ ಯಾವ ಬಯಲಾಟದ ಪೋಸ್ಟರ್ ಕಂಡರೂ, ಬಸ್ಸಿನ ಕಿಟಕಿಯಿಂದಲೇ ಇದು ಶೆಟ್ಟರ ಪ್ರೆಸ್ಸಿನದು ಎಂದು ಜನ ಹೇಳುತ್ತಿದ್ದರು. ಆ ಮರದ ಅಕ್ಷರಗಳನ್ನು ಬೊಜ್ಜದ ಕಾಗದಕ್ಕೆ ಅವರು ಒಮ್ಮೆಯೂ ಮುಟ್ಟಿಸಲಿಲ್ಲ.

ಆಮೇಲೆ ಕಂಪ್ಯೂಟರ್ ಬಂತು. ಶೆಟ್ಟರದು ಅರ್ಧಂಬರ್ಧದ ಸ್ವಭಾವವಲ್ಲ. ಮಾಡುವುದಾದರೆ ಪೂರ್ತಿ ಎಂದು ಟ್ರೆಡಲ್ಲನ್ನೂ ಸೀಸದ ಮೊಳೆಗಳನ್ನೂ ಒಂದೇ ದಿನ ಗುಜರಿಯವನ ಟೆಂಪೋಗೆ ಹತ್ತಿಸಿದರು. ಟೆಂಪೋ ಓಣಿ ತಿರುಗಿದ ಮೇಲೆ ಒಳಗೆ ಹೋಗಿ ಖಾಲಿ ನೆಲ ನೋಡಿ ಕೂತುಬಿಟ್ಟರಂತೆ. ಊಟಕ್ಕೆ ಕರೆದರೂ ಏಳಲಿಲ್ಲ. ಮರದ ಅಕ್ಷರಗಳು ಮಾತ್ರ ಉಳಿದಿದ್ದವು. ಆ ಮಳೆಗಾಲ ಪೂರ್ತಿ ರತ್ನ ಒಂದೊಂದೇ ಅಕ್ಷರಕ್ಕೆ ಶಾಯಿ ಹಚ್ಚಿ, ಕಾಗದಕ್ಕೆ ಒತ್ತಿ, ಅದರ ಚಿತ್ರವನ್ನು ಕಂಪ್ಯೂಟರಿಗೆ ಹಾಕಿ, ಅಂಚಿನಗುಂಟ ಮೌಸ್ ಓಡಿಸಿ ಅವನ್ನು ಒಳಗೆ ಇಳಿಸಿದಳು. ಶೆಟ್ಟರು ಹಿಂದೆ ನಿಂತು, ಹೊಟ್ಟೆ ಕಡಿಮೆಯಾಯಿತು, ಬಾಲ ಹೆಚ್ಚಾಯಿತು ಎಂದು ತಿದ್ದಿಸುತ್ತಿದ್ದರು. ಒಳ್ಳೆಯದೇ ಆಯಿತು. ಮೂರು ನಾಲ್ಕು ವರ್ಷದಲ್ಲಿ ಆ ಮರದ ಅಕ್ಷರಗಳನ್ನೆಲ್ಲ ಒರಲೆ ಹುಳು ತಿಂದು ಹಾಕಿತು.

ಶೆಟ್ಟರ ಮಗ ಗೋಪಿ ತೆಂಗಿನಕಾಯಿ ವ್ಯಾಪಾರದವನು, ಅವನಿಗೆ ಅಚ್ಚಿನ ಆಸೆ ಇಲ್ಲ. ಶೆಟ್ಟರ ಕಣ್ಣು ಮಂಜಾದಾಗ ಪ್ರೆಸ್ಸಿನ ಬಾಗಿಲು ಹಾಕಿದರು. ಕಂಪ್ಯೂಟರನ್ನು ರತ್ನಳಿಗೆ ಕೊಟ್ಟು, ನಿನ್ನ ಊರಿನ ಹತ್ತಿರವೇ ಒಂದು ಅಂಗಡಿ ಇಟ್ಟುಕೋ ಎಂದರು. ಹಾಗೆ ಅವಳು ನನ್ನ ಪಕ್ಕಕ್ಕೆ ಬಂದಳು. ಬಂದ ದಿನ ಅಂಗಡಿಗೆ ದೇವರ ಪಟ ಹಾಕುವ ಮೊದಲು ಕಂಪ್ಯೂಟರ್ ಜೋಡಿಸಿ ಆ ಅಕ್ಷರಗಳು ಇವೆಯೇ ಎಂದು ನೋಡಿದ್ದು ನನಗೆ ನೆನಪಿದೆ. ಆಮೇಲೆ ಅದು ಕೆಟ್ಟು ರಿಪೇರಿ ಕೈಮೀರಿದಾಗ ಕಂಪ್ಯೂಟರಿನ ಒಳಗಿನದನ್ನೆಲ್ಲ ಒಮ್ಮೆ ಬದಲಿಸಿದ್ದೂ ಆಯಿತು, ಆದರೆ ಅಕ್ಷರಗಳನ್ನು ಜತನವಾಗಿ ಹೊಸದಕ್ಕೆ ದಾಟಿಸಿಕೊಂಡಳು.

ಕೆಲವು ವರ್ಷ ಚೆನ್ನಾಗಿಯೇ ನಡೆಯಿತು. ಆಮೇಲೆ ತೊಂದರೆ ಶುರುವಾಯಿತು. ಜನ ಮೊಬೈಲಿನಲ್ಲಿ ಕನ್ನಡ ಬರೆದು ಕಳಿಸತೊಡಗಿದರು. ಅದು ರತ್ನಳ ಹಳೆಯ ಕಂಪ್ಯೂಟರಿನಲ್ಲಿ ತೆರೆದರೆ ಸಾಲುಸಾಲು ಖಾಲಿ ಚೌಕಗಳು ಮಾತ್ರ. ದೇವಸ್ಥಾನದ ಸಮಿತಿಯವರು ಎರಡು ಸಲ ನೋಡಿ ಮೂರನೆಯ ಸಲ ಕೋಟದ ಬೇರೆ ಅಂಗಡಿಗೆ ಹೋದರು. ಹೀಗೇ ಬಿಟ್ಟರೆ ಬಾಗಿಲು ಹಾಕಬೇಕಾಗುತ್ತದೆ ಎಂದು ನಾನೇ ಹೆದರಿಸಿ, ತಲ್ಲೂರಿನ ಚಂದ್ರನನ್ನು ಕರೆಸಿದೆ. ಕಂಪ್ಯೂಟರ್ ರಿಪೇರಿಗೆ ನಮ್ಮ ಕಡೆ ಚಂದ್ರನೇ. ಬೈಂದೂರಿನಿಂದ ಬ್ರಹ್ಮಾವರದವರೆಗೆ ಬಸ್ಸಿನಲ್ಲಿ ತೊಡೆಯ ಮೇಲೆ ಸಿಪಿಯು ಇಟ್ಟುಕೊಂಡು ತಿರುಗುತ್ತಾನೆ, ಕಂಡಕ್ಟರುಗಳು ಅವನಿಗೆ ಸೀಟು ಬಿಡಿಸಿ ಕೊಡುತ್ತಾರೆ.

ಚಂದ್ರ ನೋಡಿ, ವಿಂಡೋಸೇ ಹಳತಾಯಿತು, ಬದಲಿಸಬೇಕು ಎಂದ. ಹೊಸದು ಹಾಕಿದರೆ ಚೌಕಗಳು ಹೋಗಿ ಕನ್ನಡ ಬರುತ್ತದೆ. ಆದರೆ ಶೆಟ್ಟರ ಅಕ್ಷರ ಕೂತಿರುವ ಆ ಹಳೆಯ ಅಚ್ಚಿನ ಪ್ರೋಗ್ರಾಮ್ ಹೊಸದರಲ್ಲಿ ಏಳುವುದಿಲ್ಲ. ರತ್ನ ಕುರ್ಚಿಯ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದುಕೊಂಡದ್ದನ್ನು ನೋಡಿ ಅವನೇ ಮುಂದುವರಿಸಿದ.

"ಹಳ್ತ್ ಪೂರಾ ಅಳ್ಸಿ ಹೊಸ್ತ್ ಹಾಕ್ರೆ ಮಿಷನಿಗ್ ಹಗುರ. ಇಲ್ದಿರೆ ಎರಡೂ ಒಟ್ಟಿಗ್ ಇಪ್ಪಂಗೂ ಮಾಡ್ಲಕ್. ಸುರು ಮಾಡುವತಿಗೆ ಯಾವ್ದ್ ಬೇಕ್ ಅಂದೇಳಿ ಅದೇ ಕೇಂತ್."

"ಎರಡ್ರ ನಡು ಗ್ವಾಡಿ ಇತ್ತಾ?" ಎಂದಳು ರತ್ನ.

ಇದೆ, ಒಂದರದ್ದು ಇನ್ನೊಂದಕ್ಕೆ ತಾಗುವುದಿಲ್ಲ ಎಂದ ಚಂದ್ರ. ಅವನು ಹೇಳಿದ್ದು ಡಿಸ್ಕಿನ ಭಾಗದ ಮಾತು. ಇವಳು ಕೇಳಿಸಿಕೊಂಡದ್ದು ಸೂತಕದ ಮಾತು. ಮುಖ ಅರಳಿತು. ಅಂದಿನಿಂದ ಅವಳ ಕಾನೂನು ಶುರು. ಹಳೆಯ ಬದಿಯಲ್ಲಿ ಶುಭಕಾರ್ಯ ಮಾತ್ರ. ಹೊಸ ಬದಿಯಲ್ಲಿ ಬೊಜ್ಜ, ಶ್ರದ್ಧಾಂಜಲಿ, ಉಳಿದ ಅರ್ಜಿಗಿರ್ಜಿ ಎಲ್ಲ. ಚಂದ್ರ ಇಷ್ಟು ವರ್ಷ ಎಷ್ಟೋ ಕಂಪ್ಯೂಟರಿಗೆ ಎರಡೆರಡು ವಿಂಡೋಸ್ ಹಾಕಿದ್ದಾನೆ, ಆದರೆ ಮಡಿ ಮೈಲಿಗೆಗೆಂದು ಹಾಕಿಸಿಕೊಂಡವಳು ಇವಳೊಬ್ಬಳೇ ಎಂದು ಇವತ್ತಿಗೂ ಹೇಳಿಕೊಂಡು ತಿರುಗುತ್ತಾನೆ.

ನಾನೂ ತಮಾಷೆ ಮಾಡಿದ್ದು ಕಡಿಮೆಯೇನಲ್ಲ. ಮದುವೆ ಕಾಗದ ಜೋಡಿಸುತ್ತಿರುವಾಗ ಯಾರಾದರೂ ಬೊಜ್ಜದ ಕಾಗದಕ್ಕೆ ಬಂದರೆ ರತ್ನ ಕೆಲಸ ಉಳಿಸಿ, ಕಂಪ್ಯೂಟರ್ ಬಂದ್ ಮಾಡಿ, ಮತ್ತೆ ಚಾಲು ಮಾಡಿ, ಹೊಸ ಬದಿ ಆರಿಸಿ ಕಾಯುತ್ತಿದ್ದಳು. ಅದು ಮುಗಿದ ಮೇಲೆ ಪುನಃ ಬಂದ್, ಪುನಃ ಚಾಲು. ನಿನ್ನ ಕಂಪ್ಯೂಟರಿನಷ್ಟು ಸಲ ಸ್ನಾನ ಮಾಡುವವರು ಮಠದಲ್ಲೂ ಇಲ್ಲ ಎಂದು ಗೋಡೆಯ ಈಚೆಯಿಂದ ಕೂಗುತ್ತಿದ್ದೆ.

ಆದರೆ ಒಂದು ವಿಷಯ ನಿಧಾನಕ್ಕೆ ನನ್ನ ಗಮನಕ್ಕೆ ಬಂತು. ಆ ಹಳೆಯ ಡಬ್ಬಿ ಏಳಲಿಕ್ಕೆ ಸುಮಾರು ಹೊತ್ತು ಬೇಕು. ಅಷ್ಟರಲ್ಲಿ ಮನೆಯಲ್ಲಿ ಸಾವು ಆದವನು ಸುಮ್ಮನೆ ಕೂರಬೇಕು. ರತ್ನ ಅವನಿಗೆ ನೀರು ಕೊಟ್ಟು, ಹೇಗೆ ಆಯಿತು ಎಂದು ಕೇಳುತ್ತಿದ್ದಳು. ಸ್ಮಶಾನದ ಓಡಾಟ, ಅಡುಗೆಯವರು, ಚಪ್ಪರ ಎಂದು ಎರಡು ದಿನದಿಂದ ಓಡಿದವನು ಅಲ್ಲೇ ಮೊದಲ ಸಲ ಕೂತು ತಂದೆಯ ಬಗ್ಗೆ ನಾಲ್ಕು ಮಾತಾಡುತ್ತಿದ್ದ. ಬೈಂದೂರಿನ ಒಬ್ಬ ದೋಣಿಯವನು ಅಲ್ಲಿ ಬಿಕ್ಕಿ ಅತ್ತದ್ದು ಕೇಳಿ ನಾನು ನನ್ನ ಮೆಷಿನ್ ನಿಲ್ಲಿಸಿದ್ದೆ. ಆಮೇಲೆ ನಾನು ತಮಾಷೆ ಬಿಟ್ಟೆ.

ವರ್ಷ ಕಳೆದ ಹಾಗೆ ಎರಡು ಬದಿಯ ಹಣೆಬರಹವೂ ತಿರುಗಿತು. ಮದುವೆ ಕಾಗದ ಮೊಬೈಲಿಗೆ ಹೋಯಿತು. ಹೂವು ಉದುರುವ, ವಾಲಗ ಊದುವ ವಿಡಿಯೋ ಒಂದು ಮಾಡಿ ಊರಿಗೆಲ್ಲ ಕಳಿಸಿದರೆ ಮುಗಿಯಿತು. ದೇವರ ಮುಂದಿಡಲಿಕ್ಕೆಂದು ಹತ್ತಿಪ್ಪತ್ತು ಕಾಗದ ಹೊಡೆಸಿದರೆ ಹೆಚ್ಚು. ಬಯಲಾಟದ ಪೋಸ್ಟರ್ ಫ್ಲೆಕ್ಸ್ ಆಯಿತು, ಅದರ ಅಕ್ಷರ ಎಲ್ಲ ಊರಿನಲ್ಲೂ ಒಂದೇ. ಬೊಜ್ಜದ ಕಾಗದ ಮಾತ್ರ ಇನ್ನೂ ಮನೆಮನೆಗೆ ಹೋಗಿ ಕೊಡಬೇಕು. ಸಾವಿನ ಹೇಳಿಕೆಯನ್ನು ಮೊಬೈಲಿನಲ್ಲಿ ಕಳಿಸಿದರೆ ನೆಂಟರು ಬಿಡುತ್ತಾರೆಯೇ? ಹೀಗೆ ಹೊಸ ಬದಿ ದಿನವಿಡೀ ದುಡಿಯುತ್ತಿತ್ತು, ಶೆಟ್ಟರ ಅಕ್ಷರವಿದ್ದ ಬದಿ ವಾರಕ್ಕೊಮ್ಮೆ ಎದ್ದರೆ ಎದ್ದಿತು. ಕೆಲಸವಿಲ್ಲದ ದಿನವೂ ರತ್ನ ಆ ಬದಿ ತೆರೆದು ಒಂದೆರಡು ಹಳೆಯ ಮದುವೆ ಕಾಗದ ನೋಡಿ ಮುಚ್ಚುವುದನ್ನು ನಾನು ಕಂಡಿದ್ದೇನೆ. ಆ ಮದುಮಗಳಿಗೆ ಈಗ ಇಬ್ಬರು ಮಕ್ಕಳು, ಈ ಮದುಮಗ ಮುಂಬೈಯ ಹೋಟೆಲಿನಲ್ಲಿದ್ದಾನೆ ಎಂದು ತನ್ನಷ್ಟಕ್ಕೇ ಹೇಳಿಕೊಳ್ಳುತ್ತಿದ್ದಳು.

ಕಳೆದ ವರ್ಷ ಡಿಸ್ಕ್ ಕಟಕಟ ಎನ್ನಲು ಶುರುವಾಯಿತು. ಚಂದ್ರ ಕಿವಿಗೊಟ್ಟು ಕೇಳಿ, ಇನ್ನು ಹೆಚ್ಚು ದಿನ ಇಲ್ಲ, ಇದಕ್ಕೆ ಹೊಂದುವ ಡಿಸ್ಕ್ ಈಗ ಸಿಗುವುದಿಲ್ಲ, ಹೊಸ ಕಂಪ್ಯೂಟರೇ ಬೇಕು ಎಂದ. ಸರಿ, ಅದರಲ್ಲೂ ಎರಡೂ ಹಾಕಿಕೊಡು ಎಂದಳು ರತ್ನ. ಅವನು ತಲೆ ಕೆರೆದುಕೊಂಡ. ಹೊಸ ಕಂಪ್ಯೂಟರ್ ಅಷ್ಟು ಹಳೆಯ ವಿಂಡೋಸನ್ನು ಹತ್ತಿರ ಸೇರಿಸುವುದಿಲ್ಲ. ಹೊಸದರ ಹೊಟ್ಟೆಯೊಳಗೆ ಹಳೆಯದನ್ನು ಕೂರಿಸುವ ಉಪಾಯವನ್ನೂ ಅವನು ಮಾಡಿ ನೋಡಿದ. ಆದರೆ ಆ ಅಚ್ಚಿನ ಪ್ರೋಗ್ರಾಮಿಗೆ ಒಂದು ಬೀಗವಿದೆ. ಕಂಪ್ಯೂಟರಿನ ಹಿಂದೆ, ಹಳೆಯ ಪ್ರಿಂಟರಿನ ವಯರಿಗೆಂದು ಇದ್ದ ಅಗಲದ ತೂತಿಗೆ ಸಿಕ್ಕಿಸುವ ಹೆಬ್ಬೆರಳು ಗಾತ್ರದ ಡಬ್ಬಿ. ಅದಿಲ್ಲದೆ ಪ್ರೋಗ್ರಾಮ್ ಏಳದು, ಈಗಿನ ಕಂಪ್ಯೂಟರುಗಳಿಗೆ ಆ ತೂತೇ ಇಲ್ಲ. ಮಾಡಿದ ಕಾಗದಗಳನ್ನು ಚಿತ್ರವಾಗಿ ಉಳಿಸಿಕೊಡುತ್ತೇನೆ, ನೋಡಬಹುದು, ಆದರೆ ಆ ಅಕ್ಷರದಲ್ಲಿ ಹೊಸದಾಗಿ ಒಂದು ಹೆಸರು ಜೋಡಿಸಲಿಕ್ಕೂ ಆಗದು ಎಂದ.

ರತ್ನ ಅವನನ್ನು ಮುಂದಿನ ವಾರ ಬಾ ಎಂದು ಕಳಿಸಿದಳು. ಮುಂದಿನ ವಾರ ಬಂದಾಗ ಮತ್ತೆ ಮುಂದಿನ ವಾರ ಎಂದಳು. ಚೌತಿ ಕಳೆಯಲಿ, ದೀಪಾವಳಿ ಕಳೆಯಲಿ. ಒಂದು ಸಂಜೆ ನನ್ನ ಅಂಗಡಿಗೆ ಬಂದು, ಬಟ್ಟೆಯ ತುಂಡುಗಳ ಮೇಲೆ ಕೂತು, ಶೆಟ್ಟರಿಗೆ ಏನೆಂದು ಹೇಳಲಿ ನಾಗಣ್ಣ ಎಂದು ಅತ್ತುಬಿಟ್ಟಳು. ಸೀಸ ಹೋಯಿತು, ಮರದ್ದನ್ನು ಒರಲೆ ತಿಂದಿತು, ಉಳಿದದ್ದು ನನ್ನ ಕೈಯಲ್ಲಿತ್ತು, ಅದನ್ನೂ ನಾನು ಕಳೆದೆ ಎಂದಳು. ಹೇಳದೆ ಅಳಿಸಿದರೆ ನಿನಗೆ ನಿದ್ದೆ ಬಾರದು, ಹೇಳಿಯೇ ಅಳಿಸು ಎಂದೆ. ನಾನು ಸಿಡುಕಿನಿಂದಲೇ ಹೇಳಿದ್ದು, ಅವಳು ಅಳುವುದು ನನಗೆ ನೋಡಲಾಗುತ್ತಿರಲಿಲ್ಲ. ಅವಳು ಅಲ್ಲೇ ಕೂತು ಫೋನ್ ಮಾಡಿದಳು. ಶೆಟ್ಟರು ಎಲ್ಲ ಕೇಳಿ, ತಾನು ಬರುವವರೆಗೆ ಮುಟ್ಟಬೇಡ ಎಂದಷ್ಟೇ ಹೇಳಿ ಇಟ್ಟರಂತೆ.

ಸೋಮವಾರ ಬೆಳಿಗ್ಗೆ ಬ್ರಹ್ಮಾವರದ ಬಸ್ಸಿನಿಂದ ಅವರು ಇಳಿದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಪಂಚೆ, ಕಂಕುಳಲ್ಲಿ ಕೊಡೆ. ಎಂಬತ್ತು ದಾಟಿದ್ದರೂ ಒಬ್ಬರೇ ಬಂದಿದ್ದರು. ನಾನು ಓಡಿಹೋಗಿ ಕೈಹಿಡಿದು ಕರೆತಂದೆ, ಆಮೇಲೆ ಅಲ್ಲೇ ಬಾಗಿಲಿಗೆ ಒರಗಿ ನಿಂತೆ. ರತ್ನ ಕುರ್ಚಿ ಒರೆಸಿ ಕೂರಿಸಿದಳು. ಅವರು ಸುತ್ತಿಬಳಸಿ ಮಾತಾಡುವವರಲ್ಲ.

"ಅದ್ ಹೋಪುಕ್ ಮುಂಚೆ ನನ್ ಬೊಜ್ಜದ ಕಾಗ್ದ ಮಾಡಿ ಕೊಡ್. ನನ್ ಅಕ್ಷರದಂಗೇ ಆಯ್ಕ್. ಪ್ರೂಫ್ ನಾನೇ ಕಾಂತೆ."

ಹೋಗಲಿರುವ ಆ ಅಕ್ಷರಗಳಲ್ಲಿ ಅವರದೇ ಬೊಜ್ಜದ ಕಾಗದ ಎಂದು ಕೇಳಿ ರತ್ನ ಬೆಚ್ಚಿದಳು. ಅಂಥ ಮಾತು ಆಡಬೇಡಿ ಎಂದಳು. ಶೆಟ್ಟರು ಹಠ ಬಿಡಲಿಲ್ಲ. ಜೀವಮಾನವೆಲ್ಲ ಊರಿನವರ ಪ್ರೂಫ್ ನೋಡಿದ್ದೇನೆ, ನನ್ನದನ್ನು ಗೋಪಿ ನೋಡಿದರೆ ಹೇಗಿರುತ್ತದೋ ದೇವರಿಗೇ ಗೊತ್ತು, ತಾರೀಕಿನ ಜಾಗ ಖಾಲಿ ಬಿಡು, ಆ ಹೊತ್ತಿಗೆ ಪೆನ್ನಿನಲ್ಲಿ ಬರೆದು ಜೆರಾಕ್ಸ್ ಮಾಡಲಿ ಎಂದರು. ಮಾತಿಗೆ ಮಾತು ಬೆಳೆದು ಕಡೆಗೆ ರತ್ನ ತನ್ನ ಕಾನೂನನ್ನೇ ಮುಂದಿಟ್ಟಳು.

"ಆ ಬದಿಯಂಗೆ ನಾನ್ ಒಂದೂ ಬೊಜ್ಜದ ಕಾಗ್ದ ಮಾಡ್ಲಿಲ್ಲ ಶೆಟ್ರೆ. ನೀವೇ ಕಲ್ಸದ್ದಲ್ದಾ."

ಶೆಟ್ಟರು ಕಂಕುಳಿನ ಕೊಡೆ ತೆಗೆದು ಮೇಜಿಗೆ ಒರಗಿಸಿದರು. ಹೊರಗೆ ಹೆದ್ದಾರಿಯಲ್ಲಿ ಬಸ್ಸೊಂದು ಹಾರ್ನ್ ಹಾಕುತ್ತ ಹೋಯಿತು.

"ಹೌದ್, ಕಲ್ಸದ್ದ್ ನಾನೇ. ಆ ಅಕ್ಷರ ಯಾರ್ದ್? ನನ್ ಮನಿಯದ್. ನಾನ್ ಸತ್ರೆ ಮನಿಯರಿಗೆಲ್ಲ ಸೂತಕ. ಅವ್ಕ್ ಮಾತ್ರ ಇಲ್ಯಾ?"

ರತ್ನ ಕಂಪ್ಯೂಟರ್ ಚಾಲು ಮಾಡಿ, ಯಾವ ಬದಿ ಎಂದು ಅದು ಕೇಳಿದಾಗ ಹಳೆಯದನ್ನು ಆರಿಸಿದಳು. ಡಿಸ್ಕ್ ಕಟಕಟ ಎನ್ನುತ್ತ ಎದ್ದಿತು. ಅವಳು ಜೋಡಿಸತೊಡಗಿದಳು. ಎಷ್ಟೋ ಮನೆಗಳಿಗೆ ಮಾಡಿಕೊಟ್ಟ ಒಕ್ಕಣೆ, ಬೆರಳಿಗೆ ಬಾಯಿಪಾಠ. ಆದರೆ ಆ ದಿನ ನಡುನಡುವೆ ನಿಂತು ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಪ್ರಿಂಟಾದ ಹಾಳೆಯನ್ನು ಶೆಟ್ಟರು ಬೆಳಕಿಗೆ ಹಿಡಿದು, ಜೇಬಿನಿಂದ ಭೂತಗನ್ನಡಿ ತೆಗೆದು ಒಂದೊಂದೇ ಸಾಲು ನೋಡಿದರು. 'ಅಲ್ಪಕಾಲದ ಅಸೌಖ್ಯದಿಂದ' ಎಂಬುದಕ್ಕೆ ಗೆರೆ ಎಳೆದರು. ತನಗೆ ಯಾವ ಅಸೌಖ್ಯವೂ ಇಲ್ಲ, ಸುಳ್ಳು ಯಾಕೆ ಎಂದರು. 'ತುಂಬು ಜೀವನ' ಇರಲಿ ಎಂದರು. ಅಕ್ಷರಗಳ ಮೇಲೆ ಹೆಬ್ಬೆರಳು ಸವರಿ, ಹೊಟ್ಟೆ ಸರಿಯಾಗಿದೆ ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು. ತನ್ನ ಸಾವಿನ ಕಾಗದವನ್ನು ಅಷ್ಟು ಸಂತೋಷದಿಂದ ಓದಿದವರನ್ನು ನಾನು ಬೇರೆ ಕಂಡಿಲ್ಲ. ಕೆಳಗೆ ದುಃಖತಪ್ತರ ಹೆಸರುಗಳಿಗೆ ಬಂದಾಗ ಭೂತಗನ್ನಡಿ ನಿಂತಿತು. ಮಗ ಗೋಪಿ, ಸೊಸೆ, ಮೊಮ್ಮಕ್ಕಳು, ಬಂಧುಮಿತ್ರರು. ಅವರು ಪೆನ್ಸಿಲಿನಿಂದ ಮಗನ ಹೆಸರಿನ ಕೆಳಗೆ ಒಂದು ಸೇರಿಸುವ ಗುರುತು ಹಾಕಿದರು.

"ಇಲ್ಲ್ ಒಂದ್ ಸಾಲ್ ಬಿಟ್ಟ್ ಹೋಯ್ತ್," ಎಂದರು.

ರತ್ನ ಬಗ್ಗಿ ನೋಡಿದಳು. ಶೆಟ್ಟರಿಗೆ ಇದ್ದದ್ದು ಒಬ್ಬನೇ ಮಗ ಎಂದು ಊರಿಗೇ ಗೊತ್ತು. ಅವರು ಅಂಚಿನಲ್ಲಿ ಬರೆದರು: ಮಗಳು, ರತ್ನ.

ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಒಳಗೆ ಬಂದು ದಾರ ಪೋಣಿಸದ ಮೆಷಿನ್ನನ್ನು ಸುಮ್ಮನೆ ತುಳಿಯುತ್ತ ಕೂತೆ. ಆಚೆ ಬಹಳ ಹೊತ್ತು ಕೀಲಿಮಣೆಯ ಸದ್ದಿಲ್ಲ. ಆಮೇಲೆ ಒಂದೊಂದೇ ಕೀಲಿ ಒತ್ತಿದ್ದು ಕೇಳಿಸಿತು. ಎಷ್ಟು ಮದುವೆ, ಎಷ್ಟು ಬಯಲಾಟ ಅವಳ ಕೈಯಿಂದ ಆ ಅಕ್ಷರಗಳಲ್ಲಿ ಹೋಗಿದ್ದವೋ, ಆದರೆ ಅವಳ ಹೆಸರು ಒಮ್ಮೆಯೂ ಬಂದಿರಲಿಲ್ಲ. ತಿದ್ದಿ ಮತ್ತೆ ಪ್ರಿಂಟಾಗಿ ಬಂದ ಹಾಳೆಯನ್ನು ಶೆಟ್ಟರು ಇನ್ನೊಮ್ಮೆ ಓದಿ, ಮಡಚಿ ಜೇಬಿಗೆ ಹಾಕಿ, ಇನ್ನು ಚಂದ್ರನಿಗೆ ಬರಲು ಹೇಳು ಎಂದು ಹತ್ತೂವರೆಯ ಬಸ್ಸಿಗೆ ಹೊರಟರು.

ಚಂದ್ರ ಮರುದಿನ ಬಂದು ಹಳೆಯದನ್ನು ಬಿಚ್ಚಿ ಹೊಸ ಕಂಪ್ಯೂಟರ್ ಇಟ್ಟ. ಶೆಟ್ಟರು ಇವತ್ತಿಗೂ ಗಟ್ಟಿಯಾಗಿದ್ದಾರೆ, ಆ ಕಾಗದ ತಾರೀಕಿಲ್ಲದೆ ಅವರ ಕಪಾಟಿನಲ್ಲಿದೆ. ಆ ಅಕ್ಷರಗಳಲ್ಲಿ ಜೋಡಿಸಿದ ಕೊನೆಯ ಹೆಸರು ರತ್ನಳದು.